ಬ್ರೇಕ್ ಪೈಪು: ತಾಮ್ರವೋ, ಉಕ್ಕೋ, ಸ್ಟೇನ್‌ಲೆಸ್ಸೋ?

ಪ್ರಶ್ನೆ: ಇಪ್ಪತ್ತೈದು ವರ್ಷ ಹಳೆಯ ಕಾರೊಂದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಚಕ್ರದ ಹತ್ತಿರ ಬ್ರೇಕ್ ಹಿಡಿಸುವ ಕ್ಯಾಲಿಪರ್, ವೀಲ್ ಸಿಲಿಂಡರ್ ಎಲ್ಲ ಹೊಸದು ತಂದಾಗಿದೆ. ತಲೆನೋವು ಪೈಪಿನದು. ಹಿಂದಕ್ಕೆ ಹೋಗುವ ಪೈಪು ಒಂದು ಕ್ಲಿಪ್ಪಿನ ಹತ್ತಿರ ತುಕ್ಕು ಹಿಡಿದು ಪದರ ಏಳುತ್ತಿದೆ, ಉಳಿದದ್ದು ನೋಡಲು ಚೆನ್ನಾಗಿಯೇ ಇದೆ. ಆ ಒಂದಡಿ ಕತ್ತರಿಸಿ, ಎಸಿಗೆ ಬಳಸುವ ತಾಮ್ರದ ಪೈಪಿನ ತುಂಡು ಹಾಕಿ ಜಾಯಿಂಟ್ ಮಾಡಿದರೆ ಸಾಕು ಎನ್ನುತ್ತಾರೆ ಮೆಕ್ಯಾನಿಕ್. ಗೆಳೆಯನೊಬ್ಬ ಎಲ್ಲವನ್ನೂ ಸ್ಟೇನ್‌ಲೆಸ್ ಮಾಡಿಬಿಡು, ಮತ್ತೆ ಮುಟ್ಟುವುದೇ ಬೇಡ ಎನ್ನುತ್ತಾನೆ. ನಿಕಲ್ ಬೆರೆತ ತಾಮ್ರದ ಪೈಪೂ ನೋಡಿದೆ. ಕೈಯಲ್ಲೇ ಬಗ್ಗುವಷ್ಟು ಮೆದು, ಬ್ರೇಕಿನ ಒತ್ತಡಕ್ಕೆ ಒಡೆದುಹೋದರೆ ಎಂದು ಭಯ. ರಬ್ಬರ್ ಹೋಸ್ ತೆಗೆದು ಸ್ಟೀಲ್ ಜಾಲರಿಯ ಹೋಸ್ ಹಾಕಿದರೆ ಬ್ರೇಕ್ ಚುರುಕಾಗುತ್ತದೆಯೇ? ಫ್ಲೇರ್, ಅಂದರೆ ಪೈಪಿನ ತುದಿ ಅರಳಿಸುವುದನ್ನು, ನಾನೇ ಮಾಡಬೇಕೆಂದಿದ್ದೇನೆ, ಹಿಂದೆ ಮಾಡಿದ್ದಿಲ್ಲ.

ಉತ್ತರ:

ತೀರ್ಮಾನ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಫ್ಲೇರ್ ನಿಮ್ಮ ಕೈಯಿಂದಲೇ ಆಗಬೇಕು, ಅದೂ ಮೊದಲ ಸಲ ಎಂದಾದರೆ ನಿಕಲ್-ತಾಮ್ರದ ಪೈಪು ತೆಗೆದುಕೊಳ್ಳಿ. ನಿಮ್ಮ ಮಾಡೆಲ್‌ಗೆಂದೇ ಬಗ್ಗಿಸಿ, ತುದಿ ಅರಳಿಸಿ, ಲೇಪನ ಕೊಟ್ಟ ಉಕ್ಕಿನ ಪೈಪಿನ ಸೆಟ್ ಸಿಗುತ್ತದೆ ಎಂದಾದರೆ ಅದೂ ಒಳ್ಳೆಯದೇ, ಕೆಲಸವೂ ಕಡಿಮೆ. ಸ್ಟೇನ್‌ಲೆಸ್ ನಿಮಗೆ ಬೇಡ. ಎಸಿ ತಾಮ್ರ ಯಾರಿಗೂ ಬೇಡ. ಒಂದಡಿ ಕತ್ತರಿಸಿ ತೇಪೆ ಹಾಕುವ ಯೋಚನೆಯನ್ನೂ ಬಿಡಿ.

ಈಗ ನಿಮ್ಮ ಭಯ. ಬಗ್ಗಿಸಲು ಮೆದುವಾಗಿರುವುದು ಒತ್ತಡಕ್ಕೂ ದುರ್ಬಲವಾಗಿರಲೇಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ. ಇದನ್ನು ಲೆಕ್ಕ ಹಾಕಿಯೇ ನೋಡೋಣ, ಕಷ್ಟದ ಲೆಕ್ಕವೇನಲ್ಲ.

ದಿನನಿತ್ಯದ ಓಡಾಟದಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದಾಗ ಲೈನಿನೊಳಗಿನ ಒತ್ತಡ ಕೆಲವು ಹತ್ತು ಬಾರ್ ಅಷ್ಟೆ. ಗಾಬರಿಯಲ್ಲಿ ಪೆಡಲ್ ಪೂರ್ತಿ ತುಳಿದಾಗ 100 ಬಾರ್ ದಾಟುತ್ತದೆ, 150ರವರೆಗೂ ಹೋದೀತು. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ ಎಂದುಕೊಂಡರೆ ಇದು ಎಷ್ಟೆಂದು ಅಂದಾಜಾಗುತ್ತದೆ. ಇನ್ನು ಪೈಪು. ಬಹುಪಾಲು ಕಾರುಗಳಲ್ಲಿ ಇರುವುದು 4.75 ಮಿಲಿಮೀಟರ್ ಹೊರವ್ಯಾಸದ ಪೈಪು, ಗೋಡೆಯ ದಪ್ಪ ಸುಮಾರು 0.7 ಮಿಲಿಮೀಟರ್. ಗೋಡೆಯ ದಪ್ಪವನ್ನು ಎರಡರಿಂದ ಗುಣಿಸಿ, ಅದನ್ನು ಲೋಹ ಹರಿಯದೆ ತಡೆಯುವ ಎಳೆತದ ಬಲದಿಂದ ಗುಣಿಸಿ, ಹೊರವ್ಯಾಸದಿಂದ ಭಾಗಿಸಿದರೆ ಪೈಪು ಎಷ್ಟು ಒತ್ತಡಕ್ಕೆ ಸೀಳುತ್ತದೆ ಎಂಬ ಅಂದಾಜು ಸಿಗುತ್ತದೆ. ನೂರರಲ್ಲಿ 10 ಪಾಲು ನಿಕಲ್ ಇರುವ ತಾಮ್ರದ ಮಿಶ್ರಲೋಹ ಪ್ರತಿ ಚದರ ಮಿಲಿಮೀಟರಿಗೆ 300 ನ್ಯೂಟನ್ ತಡೆಯುತ್ತದೆ ಎಂದು ಹಿಡಿದರೂ ಉತ್ತರ 880 ಬಾರ್ ಆಸುಪಾಸು (ಚದರ ಮಿಲಿಮೀಟರಿಗೆ ಒಂದು ನ್ಯೂಟನ್ ಎಂದರೆ 10 ಬಾರ್). ಬ್ರೇಕ್ ಪೈಪಿನ ಮೆದು ಉಕ್ಕೂ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ನಿಮ್ಮ ಕಾಲಿನ ಬಲ, ಅದನ್ನು ಹೆಚ್ಚಿಸುವ ಬೂಸ್ಟರಿನ ಬಲ ಎರಡೂ ಸೇರಿ ಮುಟ್ಟುವ ಗರಿಷ್ಠಕ್ಕಿಂತ ಇದು ಐದಾರು ಪಟ್ಟು ಹೆಚ್ಚು. ಪೈಪು ಇಷ್ಟು ಸಣ್ಣದಾಗಿರುವುದರಿಂದಲೇ ಇದು ಸಾಧ್ಯ. ಒಳಗೆ ದ್ರವ ತಳ್ಳುವ ಜಾಗವೇ ಕಡಿಮೆ.

ಹಾಗಾಗಿ ಯಾವ ಲೋಹ ಗಟ್ಟಿ ಎಂಬ ಚರ್ಚೆಯಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದಿಲ್ಲ. ನನ್ನ ಮುಂದೆ ಬಂದ ಸೋರುವ ಪೈಪುಗಳಲ್ಲಿ ಒತ್ತಡಕ್ಕೇ ಸೀಳಿದ ಒಳ್ಳೆಯ ಪೈಪು ಇರುವುದಿಲ್ಲ. ತುಕ್ಕು ತಿಂದದ್ದು, ಎಲ್ಲೋ ಉಜ್ಜಿ ಸವೆದದ್ದು, ಅದುರಿ ಅದುರಿ ಬಿರುಕು ಬಿಟ್ಟದ್ದು, ತುದಿಯ ಫ್ಲೇರ್ ಕೆಟ್ಟದ್ದು, ಈ ನಾಲ್ಕರಲ್ಲೇ ಒಂದಿರುತ್ತದೆ. ಪೈಪು ಆರಿಸುವಾಗ ಕೇಳಬೇಕಾದದ್ದೂ ಈ ನಾಲ್ಕನ್ನೇ.

ಎಸಿ ತಾಮ್ರ ಯಾಕೆ ಬೇಡ

ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳುತ್ತಿಲ್ಲ. ಅವರು ಹಾಕಿದ ತಾಮ್ರದ ಪೈಪುಗಳು ಓಡುತ್ತಿರಬಹುದು. ಅದೇ ಸೂತ್ರದಲ್ಲಿ 6.35 ಮಿಲಿಮೀಟರ್ ವ್ಯಾಸ, 0.6 ಮಿಲಿಮೀಟರ್ ಗೋಡೆಯ ತಾಮ್ರದ ಪೈಪು ಹಾಕಿ ನೋಡಿ: ಸುಮಾರು 400 ಬಾರ್‌ಗೆ ಸೀಳಬೇಕು. ಕೇಳಿದರೆ ಸಾಕಷ್ಟಾಯಿತು ಅನ್ನಿಸುತ್ತದೆ. ಆದರೆ ಸೀಳುವುದಕ್ಕೆ ಬಹಳ ಮೊದಲೇ ಲೋಹ ಹಿಗ್ಗಲು ಶುರುವಾಗುತ್ತದೆ, ಹಿಗ್ಗಿದ್ದು ವಾಪಸು ಬರುವುದಿಲ್ಲ. ಸುರುಳಿಯಲ್ಲಿ ಬರುವ, ಕಾಯಿಸಿ ಮೆದು ಮಾಡಿದ ತಾಮ್ರಕ್ಕೆ ಆ ಮಟ್ಟ ಬಹಳ ಕೆಳಗಿದೆ, ಪ್ರತಿ ಚದರ ಮಿಲಿಮೀಟರಿಗೆ 70 ನ್ಯೂಟನ್ ಸುತ್ತಮುತ್ತ. ಅಂದರೆ ಮೇಲಿನ ಪೈಪು 130 ಬಾರ್ ಹತ್ತಿರ ಬಂದಾಗಲೇ ಮಣಿಯತೊಡಗುತ್ತದೆ. ಗಾಬರಿಯ ಬ್ರೇಕು ಮುಟ್ಟುವ ಒತ್ತಡ ಅದೇ. ನಿಕಲ್-ತಾಮ್ರದ 4.75 ಮಿಲಿಮೀಟರ್ ಪೈಪಿಗೆ ಇದೇ ಲೆಕ್ಕ 300 ಬಾರ್‌ಗಿಂತ ಮೇಲೆ ಹೋಗುತ್ತದೆ.

ಇನ್ನೊಂದು ತೊಂದರೆ ನಿಧಾನದ್ದು. ತಾಮ್ರದ ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಾ ಹೋದರೆ ಮೊದಲು ಗಡುಸಾಗಿ, ಆಮೇಲೆ ಪಟ್ಟನೆ ಮುರಿಯುವುದನ್ನು ನೀವು ನೋಡಿರುತ್ತೀರಿ. ಕಾರಿನ ಕೆಳಗೆ ಅದೇ ಕೆಲಸವನ್ನು ಎಂಜಿನ್ನಿನ ಅದುರು, ರಸ್ತೆಯ ಅದುರು ವರ್ಷಗಟ್ಟಲೆ ಸಣ್ಣ ಪ್ರಮಾಣದಲ್ಲಿ ಮಾಡುತ್ತವೆ. ಬಿರುಕು ಬರುವುದು ಸಾಮಾನ್ಯವಾಗಿ ಫ್ಲೇರಿನ ಹಿಂದೆಯೇ, ನಟ್ಟಿನ ಒಳಗೆ ಅಡಗಿರುವ ಜಾಗದಲ್ಲಿ. ಹೊರಗಿನಿಂದ ಕಾಣುವುದಿಲ್ಲ, ಕಾಣುವಾಗ ಅದು ಒಸರುತ್ತಿರುತ್ತದೆ. ಬ್ರೇಕಿಗೆಂದೇ ತಯಾರಿಸಿದ ದಪ್ಪ ಗೋಡೆಯ ಶುದ್ಧ ತಾಮ್ರದ ಪೈಪು ಕೆಲವು ದೇಶಗಳಲ್ಲಿ ಮಾರಾಟದಲ್ಲಿದೆ, ಅದನ್ನು ಒಳ್ಳೆಯ ಕ್ಲಿಪ್ಪುಗಳೊಂದಿಗೆ ಹಾಕಿ ಸುಖವಾಗಿ ಓಡಿಸುವವರೂ ಇದ್ದಾರೆ. ನಿಕಲ್-ತಾಮ್ರ ಸಿಗುವ ಕಡೆ ಅದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ. ಎಸಿ ಅಥವಾ ಫ್ರಿಜ್ಜಿನ ಪೈಪಿನ ಗೋಡೆಯ ದಪ್ಪ, ಹದ ಯಾವುದನ್ನೂ ಬ್ರೇಕಿಗಾಗಿ ಯಾರೂ ಪರೀಕ್ಷಿಸಿಲ್ಲ, ಅಷ್ಟು ಸಾಕು ಬೇಡವೆನ್ನಲು. ಅಲ್ಯೂಮಿನಿಯಂ ಪೈಪು ಬಳಸುವ ಯೋಚನೆ ಬಂದರೆ ಅದನ್ನೂ ಅಲ್ಲಿಗೇ ಬಿಡಿ.

ತಾಮ್ರ ಬ್ರೇಕ್ ಆಯಿಲನ್ನು ಕೆಡಿಸುತ್ತದೆ ಎಂಬ ಮಾತೂ ಇದೆ. ನಿಮಗೆ ಇನ್ನೂ ಯಾರೂ ಹೇಳಿಲ್ಲವಾದರೆ ಹೇಳುತ್ತಾರೆ. ಕಾರ್ಖಾನೆಯಿಂದ ಬರುವ ಉಕ್ಕಿನ ಪೈಪನ್ನೇ ತೆಗೆದುಕೊಳ್ಳಿ. ತೆಳ್ಳಗಿನ ಉಕ್ಕಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿ, ಪದರಗಳನ್ನು ಕರಗಿದ ತಾಮ್ರದಿಂದ ಬೆಸೆದು ಅದನ್ನು ಮಾಡುತ್ತಾರೆ. ಒಳಮೈಯಲ್ಲಿ ಆಯಿಲ್ ಮುಟ್ಟುವುದು ತಾಮ್ರವನ್ನೇ. ಆಯಿಲಿನಲ್ಲಿ ಕರಗಿದ ತಾಮ್ರ ಎಷ್ಟಿದೆ ಎಂದು ಪಟ್ಟಿ ಅದ್ದಿ ನೋಡಿ ಆಯಿಲ್ ಹಳತಾಗಿದೆಯೇ ಎಂದು ಹೇಳುವ ಪರೀಕ್ಷೆಯೊಂದು ವರ್ಕ್‌ಶಾಪುಗಳಲ್ಲಿದೆ. ಆ ತಾಮ್ರ ಬರುವುದು ಈ ಬೆಸುಗೆಯಿಂದ. ಅಂದರೆ ಕಾಲಕಾಲಕ್ಕೆ ಆಯಿಲ್ ಬದಲಿಸಬೇಕು. ಅದರಿಂದ ತಾಮ್ರದ ಪೈಪು ಕೂಡದು ಎಂದಾಗುವುದಿಲ್ಲ.

ಉಕ್ಕು ಮತ್ತು ನಿಕಲ್-ತಾಮ್ರ

ಉಕ್ಕಿಗೆ ಒಂದೇ ಶತ್ರು, ತುಕ್ಕು. ಸತು ಮಾತ್ರ ಲೇಪಿಸಿದ ಪೈಪು ಬೇಗ ಸೋಲುತ್ತದೆ. ಸತುವಿನ ಮೇಲೆ ಪ್ಲಾಸ್ಟಿಕ್ ಜಾತಿಯ ಲೇಪನ ಇರುವುದು, ಸಾಮಾನ್ಯವಾಗಿ ಹಸಿರು ಅಥವಾ ಕಪ್ಪು ಬಣ್ಣದ್ದು, ಬಹಳ ಹೆಚ್ಚು ಬಾಳುತ್ತದೆ. ಆದರೆ ಲೇಪನ ಕಿತ್ತ ಜಾಗವೇ ಬಾಗಿಲು. ಕಲ್ಲು ಸಿಡಿದ ಕಡೆ, ಕ್ಲಿಪ್ಪಿನ ಕೆಳಗೆ ಮಣ್ಣು, ತೇವ ಕೂರುವ ಕಡೆ, ನೀವೇ ಬಗ್ಗಿಸುವಾಗ ಸಾಧನ ಗೀರಿದ ಕಡೆ ತುಕ್ಕು ಒಳಗೆ ಇಳಿಯುತ್ತದೆ. ಉಪ್ಪು ಸುರಿಯುವ ರಸ್ತೆಯಲ್ಲಿ ಅಥವಾ ಕಡಲ ಹತ್ತಿರ ಓಡುವ ಗಾಡಿಯಾದರೆ ಈ ಎಲ್ಲವೂ ಬೇಗ ಬೇಗ ನಡೆಯುತ್ತವೆ. ಒಣ ಹವೆಯಲ್ಲಿ, ಶೆಡ್ಡಿನಲ್ಲಿ ನಿಲ್ಲುವ ಗಾಡಿಗೆ ಲೇಪನದ ಉಕ್ಕು ದಶಕಗಳ ಮಾತು.

ನಿಕಲ್-ತಾಮ್ರ ತುಕ್ಕು ಹಿಡಿಯುವುದಿಲ್ಲ. ಸಮುದ್ರದ ನೀರು ಹರಿಯುವ ಹಡಗಿನ ಪೈಪುಗಳಿಗೆ ಬಳಸುವುದು ಇದೇ ಲೋಹ: ತಾಮ್ರ, 10 ಪಾಲು ನಿಕಲ್, ಒಂದೆರಡು ಪಾಲು ಕಬ್ಬಿಣ, ಚೂರು ಮ್ಯಾಂಗನೀಸ್. ವೋಲ್ವೋ ಕಂಪನಿ 1976ರಿಂದಲೇ ತನ್ನ ಕಾರುಗಳಿಗೆ ಇದರ ಬ್ರೇಕ್ ಪೈಪು ಹಾಕಿತು, ಆಮೇಲೆ ಬೇರೆ ಕೆಲವು ತಯಾರಕರೂ ಹಾಕಿದರು. ಇದು ಹೊಸ ಪ್ರಯೋಗವಲ್ಲ ಎನ್ನಲು ಇಷ್ಟು ಹೇಳಿದೆ. ನಿಮಗೆ ಇದರ ದೊಡ್ಡ ಗುಣ ಬೇರೆ. ನೀವು ಹೆದರಿದ ಆ ಮೆದುತನದಿಂದಲೇ ಫ್ಲೇರ್ ಬಿರುಕಿಲ್ಲದೆ ಅರಳುತ್ತದೆ, ನಟ್ ಬಿಗಿದಾಗ ಆಸನಕ್ಕೆ, ಅಂದರೆ ತೂತಿನ ತಳದಲ್ಲಿ ಅದು ಕೂರುವ ಜಾಗಕ್ಕೆ, ಸರಿಯಾಗಿ ಒತ್ತಿ ಕೂರುತ್ತದೆ. ಹೊಸ ಕೈಗಳ ತಪ್ಪನ್ನು ಇಷ್ಟು ಸಹಿಸುವ ಪೈಪು ಇನ್ನೊಂದಿಲ್ಲ.

ಕೊರತೆಯೂ ಇದೆ. ಚೂಪಾದ ಅಂಚಿಗೆ ಉಜ್ಜಿದರೆ ಉಕ್ಕಿಗಿಂತ ಬೇಗ ಸವೆಯುತ್ತದೆ. ಕಲ್ಲು ಬಡಿದರೆ ನೆಗ್ಗುತ್ತದೆ. ಉದ್ದಕ್ಕೆ ಬಿಟ್ಟರೆ ಜೋತುಬೀಳುತ್ತದೆ, ಆದ್ದರಿಂದ ಕ್ಲಿಪ್ಪು ಹೆಚ್ಚು ಬೇಕು. ಹಳೆಯ ಪೈಪಿಗೆ ಕಲ್ಲಿನಿಂದ ರಕ್ಷಿಸುವ ತಂತಿಯ ಸುರುಳಿ ಸುತ್ತಿದ್ದರೆ ಹೊಸದಕ್ಕೂ ಅದೇ ಜಾಗದಲ್ಲಿ ರಕ್ಷಣೆ ಕೊಡಿ. ಉಕ್ಕಿನ ನಟ್, ತಾಮ್ರದ ಪೈಪು ಜೊತೆಗಿದ್ದರೆ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ತುಕ್ಕು ಹೆಚ್ಚುತ್ತದೆಯಲ್ಲ ಎಂದು ಓದಿದವರು ಕೇಳುತ್ತಾರೆ. ಹೌದು, ತೇವವಿದ್ದರೆ ಹೆಚ್ಚುತ್ತದೆ, ಆದರೆ ತಿನ್ನುವುದು ನಟ್ಟನ್ನು, ಪೈಪನ್ನಲ್ಲ. ಲೇಪನವಿರುವ ಹೊಸ ನಟ್ಟು ಹಾಕಿ, ಬಿಗಿದ ಮೇಲೆ ಹೊರಗಿನಿಂದ ಮೇಣದಂಥ ತುಕ್ಕುನಿರೋಧಕ ಬಳಿದರೆ ಆಯಿತು. ಅಲ್ಯೂಮಿನಿಯಂ ಭಾಗಗಳಿಗೆ ಪೈಪು ನೇರ ತಾಗದಂತೆ ರಬ್ಬರ್ ಒಳಪದರದ ಕ್ಲಿಪ್ಪು ಬಳಸಿ.

ಕೊಳ್ಳುವಾಗ ಒಂದು ಎಚ್ಚರಿಕೆ. ಶುದ್ಧ ತಾಮ್ರವನ್ನೂ, ತಾಮ್ರದ ಲೇಪನವಿರುವ ಉಕ್ಕನ್ನೂ ಇದೇ ಹೆಸರಿನಲ್ಲಿ ಮಾರುವವರಿದ್ದಾರೆ. ಅಯಸ್ಕಾಂತ ಹಿಡಿದರೆ ಉಕ್ಕು ಅಲ್ಲೇ ಸಿಕ್ಕಿಬೀಳುತ್ತದೆ. ಶುದ್ಧ ತಾಮ್ರವನ್ನು ಕತ್ತರಿಸಿದರೆ ಹೊಳೆಯುವ ಕೆಂಪು-ಕಿತ್ತಳೆ ಕಾಣುತ್ತದೆ, ನಿಕಲ್ ಬೆರೆತದ್ದು ಅದಕ್ಕಿಂತ ಮಂಕು, ಬೆಳ್ಳಿಯ ಕಡೆಗೆ ವಾಲಿದ ನಸುಗೆಂಪು. ಬಣ್ಣ ನೋಡಿ ಹೇಳುವುದು ಅಭ್ಯಾಸವಿಲ್ಲದವರಿಗೆ ಕಷ್ಟವೇ. ಆದ್ದರಿಂದ ಬ್ರೇಕ್ ಪೈಪಿನ ಮಾನಕವಾದ ಎಸ್‌ಎಇ ಜೆ1047 ಎಂದು ಸುರುಳಿಯ ಮೇಲೋ ಪೊಟ್ಟಣದ ಮೇಲೋ ನಮೂದಿಸಿರುವುದನ್ನು ಹುಡುಕಿ.

ಸ್ಟೇನ್‌ಲೆಸ್ಸಿನ ಆಸೆ

ಗೆಳೆಯನ ಮಾತಿನಲ್ಲಿ ಅರ್ಧ ಸತ್ಯವಿದೆ. ಚೆನ್ನಾಗಿ ಮಾಡಿ ಕೂರಿಸಿದ ಸ್ಟೇನ್‌ಲೆಸ್ ಪೈಪು ನೋಡಲೂ ಚೆಂದ, ಬಾಳಿಕೆಯೂ ಹೆಚ್ಚು. ಆ 'ಚೆನ್ನಾಗಿ ಮಾಡಿ' ಎಂಬುದರಲ್ಲೇ ಎಲ್ಲ ಇರುವುದು. ಈ ಲೋಹ ಬಗ್ಗಿಸಿದಷ್ಟೂ ಗಡುಸಾಗುತ್ತದೆ. ಸಾಮಾನ್ಯ ಬ್ರೇಕ್ ಪೈಪಿನ ತುದಿಯನ್ನು ಅರಳಿಸಿ ಮತ್ತೆ ಒಳಕ್ಕೆ ಮಡಚುವ 45 ಡಿಗ್ರಿ ಡಬಲ್ ಫ್ಲೇರನ್ನು ಇದರಲ್ಲಿ ಮಾಡಲು ಹೋದರೆ ಅಂಚು ಬಿರುಕು ಬಿಡುವುದು ಮಾಮೂಲು. ಅಗ್ಗದ ಸಾಧನದ ಹಿಡಿತದಿಂದ ಪೈಪೇ ಜಾರುತ್ತದೆ. ಬಿರುಕಿಲ್ಲದೆ ಆಯಿತೆಂದೇ ಇಟ್ಟುಕೊಳ್ಳಿ, ಗಡುಸು ತುದಿ ಗಡುಸು ಆಸನದ ಮೇಲೆ ಕೂತಾಗ ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಒಸರುತ್ತದೆ, ಇನ್ನಷ್ಟು ಬಿಗಿಯುತ್ತೀರಿ, ಮತ್ತೂ ಒಸರುತ್ತದೆ, ಕೊನೆಗೆ ಹೊಸ ಮಾಸ್ಟರ್ ಸಿಲಿಂಡರಿನ ಮರೆ (ಥ್ರೆಡ್) ಹಾಳಾಗುತ್ತದೆ.

ರೇಸ್ ಗಾಡಿ ಕಟ್ಟುವವರು ಇದನ್ನು ಬೇರೆ ದಾರಿಯಲ್ಲಿ ಬಗೆಹರಿಸುತ್ತಾರೆ. 37 ಡಿಗ್ರಿಯ ಒಂಟಿ ಫ್ಲೇರ್ ಮಾಡಿ, ಅದರ ಹಿಂದೆ ಒಂದು ತೋಳು ಕೂರಿಸಿ, ಅದಕ್ಕೆಂದೇ ಇರುವ ನಟ್ಟಿನಿಂದ ಬಿಗಿಯುತ್ತಾರೆ. ಒಳ್ಳೆಯ ಪದ್ಧತಿ. ಆದರೆ ನಿಮ್ಮ ಕಾರಿನ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಯಾವುದರಲ್ಲೂ ಆ ಆಸನವಿಲ್ಲ. ಪ್ರತಿ ತುದಿಗೂ ಒಂದು ಅಡಾಪ್ಟರ್ ಬೇಕು, ಅಂದರೆ ಪ್ರತಿ ತುದಿಯಲ್ಲೂ ಸೋರಲು ಇನ್ನೊಂದು ಜಾಗ. ಮತ್ತೆ 'ಸ್ಟೇನ್‌ಲೆಸ್' ಎಂಬ ಹೆಸರನ್ನು ಪೂರ್ತಿ ನಂಬಬೇಡಿ. ಕ್ಲಿಪ್ಪಿನ ಸಂದಿಯಲ್ಲಿ ಉಪ್ಪುನೀರು ನಿಂತರೆ ಇದರಲ್ಲಿ ಸೂಜಿಮೊನೆಯಂಥ ಗುಳಿಗಳು ಒಳಕ್ಕೆ ಕೊರೆಯುತ್ತಾ ಹೋಗುತ್ತವೆ, ಹೊರಗೆ ಹೊಳಪು ಹಾಗೇ ಇರುತ್ತದೆ. ತಯಾರಾಗಿ ಬಂದ, ತುದಿ ಅರಳಿಸಿದ ಸ್ಟೇನ್‌ಲೆಸ್ ಸೆಟ್ ನಿಮ್ಮ ಮಾಡೆಲ್‌ಗೆ ಸಿಕ್ಕು, ಅದನ್ನು ಚೂರೂ ಕತ್ತರಿಸದೆ ಕೂರಿಸಬಹುದು ಎಂದಾದರೆ ಹಾಕಿ, ನನ್ನ ಅಡ್ಡಿಯಿಲ್ಲ.

ಆ ಒಂದಡಿ

ಪೈಪಿನ ಒಂದು ಕಡೆ ಪದರ ಏಳುತ್ತಿದೆ, ಉಳಿದದ್ದು ಚೆನ್ನಾಗಿದೆ ಎಂದಿರಿ. ಉಳಿದದ್ದೂ ಅದೇ ವಯಸ್ಸಿನದು, ಅದೇ ನೀರು, ಅದೇ ಮಣ್ಣು ತಿಂದದ್ದು. ಉಳಿದ ಕ್ಲಿಪ್ಪುಗಳನ್ನು ಬಿಚ್ಚಿ ಅವುಗಳ ಕೆಳಗೆ ನೋಡಿದ್ದೀರಾ? ಪೆಟ್ರೋಲ್ ಟ್ಯಾಂಕಿನ ಮೇಲೆ ಹಾಯುವ ಭಾಗ? ಅಮೆರಿಕದ ಹೆದ್ದಾರಿ ಸಂಚಾರ ಸುರಕ್ಷತಾ ಸಂಸ್ಥೆ ತುಕ್ಕು ಹಿಡಿದ ಬ್ರೇಕ್ ಪೈಪುಗಳ ಬಗ್ಗೆ ನಡೆಸಿದ ದೀರ್ಘ ತನಿಖೆಯನ್ನು 2015ರಲ್ಲಿ ಮುಗಿಸಿದಾಗ ಹಳೆಯ ಗಾಡಿಗಳ ಮಾಲೀಕರಿಗೆ ಕೊಟ್ಟ ಸಲಹೆಯೂ ಇದೇ: ಪದರ ಏಳುವಂಥ ತುಕ್ಕು ಕಂಡರೆ ತುಂಡು ಬದಲಿಸಬೇಡಿ, ಇಡೀ ಸೆಟ್ ಬದಲಿಸಿ. ಗಾಡಿ ಹೇಗೂ ಬಿಚ್ಚಿಟ್ಟಿದ್ದೀರಿ. ಈಗ ಅರ್ಧ ದಿನದಲ್ಲಿ ಆಗುವ ಕೆಲಸಕ್ಕೆ, ಆಮೇಲೆ ಟ್ಯಾಂಕ್ ಇಳಿಸಬೇಕಾಗುತ್ತದೆ.

ಜಾಯಿಂಟ್ ಎಂದಾಗ ನಿಮ್ಮ ಮೆಕ್ಯಾನಿಕ್ ಮನಸ್ಸಿನಲ್ಲಿರುವುದು ಯಾವುದು ಎಂದೂ ಕೇಳಿ. ಎರಡೂ ತುದಿಗೆ ಫ್ಲೇರ್ ಮಾಡಿ ಬ್ರೇಕಿಗೆಂದೇ ಇರುವ ಯೂನಿಯನ್‌ನಲ್ಲಿ ಸೇರಿಸುವುದು ಅನಿವಾರ್ಯವಾದ ಕಡೆ ನಡೆಯುತ್ತದೆ. ಹಿತ್ತಾಳೆಯ ಬಳೆಯೊಂದನ್ನು ಪೈಪಿನ ಮೇಲೆ ತೂರಿಸಿ ನಟ್ಟಿನಿಂದ ಅದುಮುವ ಕಂಪ್ರೆಷನ್ ಜಾಯಿಂಟ್ ಆದರೆ ಖಂಡಿತ ಬೇಡ. ಅಲ್ಲಿ ಪೈಪನ್ನು ಹಿಡಿದಿರುವುದು ಆ ಬಳೆಯ ಕಚ್ಚಿನ ಹಿಡಿತ ಮಾತ್ರ. ಒತ್ತಡ ಏರಿ ಇಳಿದು, ಅದುರಿ ಅದುರಿ ಅದು ಸಡಿಲವಾದರೆ ಪೈಪು ಒಮ್ಮೆಲೇ ಹೊರಕ್ಕೆ ಹಾರುತ್ತದೆ. ನಿಮ್ಮ ಕಾರಿನಲ್ಲಿ ಆಯಿಲ್ ಹರಿಯುವ ಎರಡು ಬೇರೆ ಬೇರೆ ಸರ್ಕ್ಯೂಟ್ ಇರುವುದರಿಂದ ಒಂದು ಹೋದರೂ ಇನ್ನೊಂದು ಉಳಿಯುತ್ತದೆ, ಆದರೆ ಪೆಡಲ್ ಕೆಳಗೆ ಇಳಿದು ನಿಲ್ಲುವ ದೂರ ಬಹಳ ಹೆಚ್ಚುತ್ತದೆ. ಇನ್ನೂ ಹಳೆಯ, ಒಂಟಿ ಸರ್ಕ್ಯೂಟಿನ ಗಾಡಿ ಕಟ್ಟುವವರು ಇದನ್ನು ಓದುತ್ತಿದ್ದರೆ, ಅವರಿಗೆ ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ.

ಫ್ಲೇರ್: ನಿಮ್ಮ ಸಮಯ ಇಲ್ಲಿ ಕಳೆಯಿರಿ

ಲೋಹ ಆರಿಸಲು ಜನ ವಾರಗಟ್ಟಲೆ ಓದುತ್ತಾರೆ, ಫ್ಲೇರ್ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ತಿರುಗುಮುರುಗು ಆಗಬೇಕಿತ್ತು.

ಮೊದಲು ನಿಮ್ಮ ಕಾರಿನಲ್ಲಿರುವುದು ಯಾವ ಫ್ಲೇರ್ ಎಂದು ತಿಳಿಯಿರಿ. ಟಾರ್ಚ್ ಹಿಡಿದು ಮಾಸ್ಟರ್ ಸಿಲಿಂಡರಿನ ತೂತಿನ ತಳ ನೋಡಿ. ನಡುವೆ ತೂತಿರುವ ಒಂದು ಶಂಕು ಮೇಲಕ್ಕೆ ಎದ್ದಿದ್ದರೆ ಅದಕ್ಕೆ ಡಬಲ್ ಫ್ಲೇರ್, ಅಂದರೆ ಲಾಳಿಕೆಯ ಹಾಗೆ ಅರಳಿ ಒಳಕ್ಕೆ ಮಡಚಿದ ತುದಿ ಬೇಕು. ತಳ ಒಳಕ್ಕೆ ತಗ್ಗಿದ್ದರೆ ಬಬಲ್ ಫ್ಲೇರ್, ಉಬ್ಬಿದ ಗುಂಡಿಯಂಥ ತುದಿ. ಐಎಸ್‌ಒ 4038 ಮಾನಕದಲ್ಲಿ ಬರುವುದು ಈ ಎರಡನೆಯದು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಬಿಗಿದರೆ ಕೂತ ಹಾಗೆ ಅನ್ನಿಸುತ್ತದೆ, ಅದೇ ಅಪಾಯ. ನಟ್ಟುಗಳೂ ಬೇರೆ: ಬಬಲ್‌ನ ನಟ್ಟಿನ ತುದಿ ಸಪಾಟು, ಡಬಲ್‌ನದ್ದು ಓರೆ. ಹಳೆಯ ಪೈಪಿನ ತುದಿಗಳನ್ನು ಎಸೆಯಬೇಡಿ. ಪ್ರತಿಯೊಂದಕ್ಕೂ ಯಾವ ಜಾಗದ್ದು ಎಂದು ಚೀಟಿ ಕಟ್ಟಿ ಇಟ್ಟುಕೊಳ್ಳಿ, ಒಂದೇ ಕಾರಿನಲ್ಲಿ ಎರಡು ಬಗೆ ಇರುವುದೂ ಉಂಟು.

ಮರೆಯ ವಿಷಯದಲ್ಲಿ ಒಂದು ಬಲೆ ಇದೆ. ಎಂ10, ಅಂದರೆ 10 ಮಿಲಿಮೀಟರ್ ವ್ಯಾಸದ, ಮರೆಗಳ ನಡುವೆ 1 ಮಿಲಿಮೀಟರ್ ಅಂತರವಿರುವ ನಟ್ಟು ಮತ್ತು ಇಂಚಿನ ಅಳತೆಯ, 3/8 ಇಂಚು ವ್ಯಾಸದ, ಇಂಚಿಗೆ 24 ಮರೆಯ ನಟ್ಟು ಕಣ್ಣಿಗೆ ಒಂದೇ. ಎರಡನೆಯದರ ವ್ಯಾಸ 9.5 ಮಿಲಿಮೀಟರ್, ಮರೆಯ ಅಂತರ 1.06. ಅದು ಎಂ10 ತೂತಿಗೆ ಸಲೀಸಾಗಿ ಇಳಿಯುತ್ತದೆ, ಸ್ವಲ್ಪ ಲೊಡಲೊಡ ಅನ್ನಿಸುತ್ತದೆ, ಬಿಗಿದಾಗ ಮರೆಯ ತುದಿಗಳನ್ನಷ್ಟೇ ಹಿಡಿದು ನಿಲ್ಲುತ್ತದೆ, ಯಾವತ್ತೋ ಒಂದು ದಿನ ಕಿತ್ತು ಬರುತ್ತದೆ. ಬೆರಳಿನಲ್ಲಿ ತಿರುಗಿಸುವಾಗ ನಟ್ಟು ಅಲ್ಲಾಡಿದರೆ ನಿಲ್ಲಿಸಿ, ವರ್ನಿಯರ್ ಹಿಡಿದು ಅಳೆಯಿರಿ.

ಸಾಧನಕ್ಕೆ ಖರ್ಚು ಮಾಡಿ, ಇಲ್ಲವೇ ಬಾಡಿಗೆಗೋ ಕಡವಾಗಿಯೋ ತನ್ನಿ. ಪೈಪನ್ನು ಎರಡು ಪಟ್ಟಿಗಳ ನಡುವೆ ಹಿಡಿದು ಮೇಲಿಂದ ಸ್ಕ್ರೂ ತಿರುಗಿಸುವ ಅಗ್ಗದ ಸೆಟ್ಟಿನಲ್ಲಿ ಪೈಪು ಓರೆಯಾಗುತ್ತದೆ, ಫ್ಲೇರ್ ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗುತ್ತದೆ. ಬೆಂಚಿಗೆ ಕಚ್ಚಿಸುವ ಲಿವರಿನ ಸಾಧನ ಅಥವಾ ಕೈಯಲ್ಲಿ ಹಿಡಿಯುವ ಹೈಡ್ರಾಲಿಕ್ ಸಾಧನ ಬಳಸಿದರೆ ಮೊದಲ ದಿನವೇ ಅಂಗಡಿಯ ಫ್ಲೇರಿನಂತೆ ಬರುತ್ತದೆ.

ಪೈಪನ್ನು ಗರಗಸದಲ್ಲಿ ಕೊಯ್ಯಬೇಡಿ, ಸಣ್ಣ ಪೈಪ್ ಕಟ್ಟರ್ ಸುತ್ತಿಸಿ ಕತ್ತರಿಸಿ, ಪ್ರತಿ ಸುತ್ತಿಗೂ ಚೂರೇ ಬಿಗಿಯುತ್ತಾ. ಒಳಗಿನ ಅಂಚಿನ ಮುಳ್ಳನ್ನು ತೆಗೆಯಿರಿ, ಹೊರ ಅಂಚನ್ನು ಅರದಿಂದ ಸ್ವಲ್ಪ ಓರೆ ಮಾಡಿ. ಚೂರುಗಳು ಒಳಗೆ ಉಳಿಯದಂತೆ ಗಾಳಿ ಊದಿ. ಫ್ಲೇರ್ ಮಾಡುವ ಮೊದಲು ನಟ್ಟು ಪೈಪಿಗೆ ಹಾಕಿದ್ದೀರಾ ನೋಡಿ. ನಗಬೇಡಿ, ಇದನ್ನು ಮರೆಯದ ಮೆಕ್ಯಾನಿಕ್ ಇಲ್ಲ. ಸಾಧನದ ತುದಿಗೆ ಒಂದು ಹನಿ ಬ್ರೇಕ್ ಆಯಿಲ್ ಸವರಿ, ಬೇರೆ ಎಣ್ಣೆ ಬೇಡ. ಖನಿಜ ಎಣ್ಣೆ ತಾಗಿದರೆ ಬ್ರೇಕಿನ ರಬ್ಬರ್ ಸೀಲುಗಳು ಉಬ್ಬುತ್ತವೆ.

ಮೊದಲ ನಾಲ್ಕಾರು ಫ್ಲೇರ್ ಬೇಡದ ತುಂಡಿನ ಮೇಲೆ ಮಾಡಿ. ಒಂದನ್ನು ಉದ್ದಕ್ಕೆ ಸೀಳಿ ಒಳಗೆ ನೋಡಿ, ಬಹಳ ಕಲಿಸುತ್ತದೆ. ಅಂಚಿನಲ್ಲಿ ಕೂದಲೆಳೆಯ ಬಿರುಕು, ಗೀರು, ಓರೆ ಏನಿದ್ದರೂ ಕತ್ತರಿಸಿ ಮತ್ತೆ ಮಾಡಿ. ಇದಕ್ಕೆಂದೇ ಪ್ರತಿ ಪೈಪಿಗೂ ಅಳತೆಗಿಂತ ಉದ್ದ ಇಟ್ಟುಕೊಳ್ಳಿ. ಬಗ್ಗಿಸುವ ಕೆಲಸ ನಿಕಲ್-ತಾಮ್ರದಲ್ಲಿ ಸುಲಭವಾದರೂ ಚೂಪು ತಿರುವುಗಳಿಗೆ ಬೆಂಡರ್ ಬಳಸಿ, ಮಡಿಕೆ ಬಿದ್ದ ಪೈಪು ನೇರ ಮಾಡಿದರೂ ಕೆಲಸಕ್ಕೆ ಬಾರದು.

ಹಳೆಯ ಪೈಪು ಹೋಗಿದ್ದ ದಾರಿಯಲ್ಲೇ ಹೊಸದೂ ಹೋಗಲಿ, ಅದೇ ವ್ಯಾಸದ್ದೇ ಇರಲಿ. ದಪ್ಪ ಪೈಪು ಹಾಕಿದರೆ ಬ್ರೇಕ್ ಜಾಸ್ತಿ ಹಿಡಿಯುವುದಿಲ್ಲ. ಒತ್ತಡ ದಪ್ಪ ಪೈಪಿನಲ್ಲೂ ಅಷ್ಟೆ, ಸಣ್ಣದರಲ್ಲೂ ಅಷ್ಟೆ. ಒಂದಡಿಗೊಂದು ಕ್ಲಿಪ್ಪು, ಸೈಲೆನ್ಸರ್ ಪೈಪಿನಿಂದ ದೂರ. ಮಾಸ್ಟರ್ ಸಿಲಿಂಡರಿನ ಹತ್ತಿರ ಹಳೆಯ ಪೈಪಿನಲ್ಲಿ ಸುರುಳಿ ಇದ್ದರೆ ಅದು ಅಂದಕ್ಕಲ್ಲ, ಅದುರು ನುಂಗಲು. ಹೊಸದರಲ್ಲೂ ಬಿಡಿ.

ಹೋಸ್ ವಿಷಯ

ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಹಳೆಯದಾದರೆ ಬದಲಿಸಿ. ಅದು ಒಳಗಿನಿಂದ ಕೆಡುತ್ತದೆ. ಒಳಪದರ ಉಬ್ಬಿ ಅಥವಾ ಎದ್ದು ಬಂದು ಕವಾಟದಂತೆ ಕೆಲಸ ಮಾಡಿದರೆ, ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸು ಬರುವುದಿಲ್ಲ. ಆ ಚಕ್ರ ಹಿಡಿದುಕೊಂಡೇ ತಿರುಗಿ ಕಾಯುತ್ತದೆ. ಕ್ಯಾಲಿಪರ್ ಜಾಮ್ ಎಂದು ಕ್ಯಾಲಿಪರ್ ಬದಲಿಸಿ, ತೊಂದರೆ ಹಾಗೇ ಉಳಿದ ಗಾಡಿಗಳಲ್ಲಿ ಎಷ್ಟೋ ಸಲ ತಪ್ಪು ಹೋಸಿನದು.

ಸ್ಟೀಲ್ ಜಾಲರಿಯ ಹೋಸ್ ಬ್ರೇಕಿನ ಬಲ ಹೆಚ್ಚಿಸುವುದಿಲ್ಲ. ಒಳಗಿನ ಟೆಫ್ಲಾನ್ ಕೊಳವೆ ಒತ್ತಡಕ್ಕೆ ರಬ್ಬರಿಗಿಂತ ಕಡಿಮೆ ಹಿಗ್ಗುವುದರಿಂದ ಪೆಡಲ್ ಸ್ವಲ್ಪ ಗಟ್ಟಿ ಅನ್ನಿಸುತ್ತದೆ. ಹಳೆಯ ರಬ್ಬರ್ ತೆಗೆದು ಇದನ್ನು ಹಾಕಿದವರು ಅಜಗಜಾಂತರ ಎನ್ನುತ್ತಾರೆ. ಹೊಸ ರಬ್ಬರ್ ಹಾಕಿದ್ದರೂ ಅದರಲ್ಲಿ ಮುಕ್ಕಾಲು ಪಾಲು ಸಿಗುತ್ತಿತ್ತು. ನಿಮ್ಮ ಕಾರಿನಲ್ಲಿ ಹಿಂದಿನ ಡ್ರಮ್‌ಗಳ ಶೂ ಸರಿಯಾಗಿ ಅಡ್ಜಸ್ಟ್ ಮಾಡಿದರೆ ಪೆಡಲಿನಲ್ಲಿ ಕಾಣುವ ವ್ಯತ್ಯಾಸ ಹೋಸಿಗಿಂತ ದೊಡ್ಡದಿರುತ್ತದೆ. ಜಾಲರಿಯ ಹೋಸೇ ಬೇಕೆಂದರೆ ಬ್ರೇಕ್ ಹೋಸಿನ ಮಾನಕಕ್ಕೆ ಪರೀಕ್ಷೆಯಾದ, ಜಾಲರಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನು ತೆಗೆದುಕೊಳ್ಳಿ. ಹೊದಿಕೆ ಇಲ್ಲದಿದ್ದರೆ ಎಳೆಗಳ ನಡುವೆ ಮರಳು ಸೇರಿ ಒಳಗಿನ ಕೊಳವೆಯನ್ನೇ ಕೊಯ್ಯುತ್ತದೆ, ಹೊರಗೆ ಜಾಲರಿ ತಾಗಿದ ವಸ್ತುವನ್ನೂ ಅರದಂತೆ ಉಜ್ಜುತ್ತದೆ. ಕೂರಿಸಿದ ಮೇಲೆ ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ, ಸಸ್ಪೆನ್ಷನ್ ಪೂರ್ತಿ ಇಳಿಬಿಟ್ಟು, ಪೂರ್ತಿ ಒತ್ತಿ, ಹೋಸ್ ಎಲ್ಲೂ ಎಳೆಯುವುದಿಲ್ಲ, ತಿರುಚುವುದಿಲ್ಲ, ಟೈರಿಗೆ ತಾಗುವುದಿಲ್ಲ ಎಂದು ನೋಡಿ. ಹೋಸನ್ನು ಕ್ಯಾಲಿಪರಿಗೆ ಬಿಗಿಯುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರುಗಳು ಪ್ರತಿ ಸಲವೂ ಹೊಸವು.

ಬಿಗಿಯುವುದು, ಪರೀಕ್ಷಿಸುವುದು

ಎಲ್ಲ ನಟ್ಟುಗಳನ್ನೂ ಮೊದಲು ಬೆರಳಿನಲ್ಲೇ ಪೂರ್ತಿ ಇಳಿಸಿ, ಆಮೇಲಷ್ಟೇ ಸ್ಪ್ಯಾನರ್. ಐದು ಮುಖ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಇದ್ದರೆ ನಟ್ಟಿನ ಮೂಲೆ ಉಳಿಯುತ್ತದೆ. ಎಂ10 ನಟ್ಟುಗಳಿಗೆ ಸಾಮಾನ್ಯವಾಗಿ 12ರಿಂದ 18 ನ್ಯೂಟನ್ ಮೀಟರ್ ಸಾಕು, ನಿಮ್ಮ ಕಾರಿನ ಮ್ಯಾನುಯಲ್ಲಿನಲ್ಲಿ ಇರುವ ಅಂಕಿಯೇ ಅಂತಿಮ. ಮರೆಗೆ ಟೆಫ್ಲಾನ್ ಟೇಪು, ಅಂಟು ಯಾವುದೂ ಬೇಡ. ಇಲ್ಲಿ ಸೋರಿಕೆ ತಡೆಯುವುದು ಫ್ಲೇರಿನ ಮುಖ, ಮರೆ ಅಲ್ಲ. ಟೇಪಿನ ಚೂರು ಒಳಗೆ ಹೋದರೆ ಮಾಸ್ಟರ್ ಸಿಲಿಂಡರಿನ ಸಣ್ಣ ತೂತು ಮುಚ್ಚುತ್ತದೆ.

ಆಯಿಲ್ ಹೊಸ ಡಬ್ಬಿಯದ್ದೇ ಹಾಕಿ, ನಿಮ್ಮ ಕಾರಿಗೆ ಹೇಳಿದ ದರ್ಜೆಯದ್ದು. ಡಾಟ್ 4 ದರ್ಜೆಯ ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯಬೇಕು, ಗಾಳಿಯ ತೇವ ಹೀರಿ ನೀರಿನ ಅಂಶ 3.7 ಶೇಕಡಾ ಆದಾಗ 155ಕ್ಕೆ ಇಳಿದಿರುತ್ತದೆ. ಶೆಲ್ಫಿನಲ್ಲಿ ಅರ್ಧ ಉಳಿದ ಹಳೆಯ ಡಬ್ಬಿ ಬೇಡವೆನ್ನುವುದು ಇದಕ್ಕೇ. ಸಿಲಿಕೋನಿನ ಡಾಟ್ 5 ಇದರೊಂದಿಗೆ ಬೆರೆಯುವುದಿಲ್ಲ.

ಲೈನಿನೊಳಗಿನ ಗಾಳಿ ಹೊರಹಾಕುವ ಬ್ಲೀಡಿಂಗ್ ಮುಗಿದು ಪೆಡಲ್ ಗಟ್ಟಿಯಾದ ಮೇಲೆ ಎಂಜಿನ್ ಚಾಲೂ ಮಾಡಿ, ಬೂಸ್ಟರ್ ಕೆಲಸ ಮಾಡುತ್ತಿರುವಾಗ ಇನ್ನೊಬ್ಬರಿಗೆ ಪೆಡಲನ್ನು ಬಲವಾಗಿ ಒತ್ತಿ ಒಂದೆರಡು ನಿಮಿಷ ಹಿಡಿದಿರಲು ಹೇಳಿ. ನೀವು ಒಣಗಿದ ಟಿಶ್ಯೂ ಕಾಗದವನ್ನು ಒಂದೊಂದು ಜಾಯಿಂಟಿಗೂ ಒತ್ತಿ ನೋಡುತ್ತಾ ಹೋಗಿ. ಬೆರಳಿಗೆ ತಿಳಿಯದ ಒಸರು ಕಾಗದದಲ್ಲಿ ಕಲೆಯಾಗಿ ಕಾಣುತ್ತದೆ. ಪೆಡಲ್ ನಿಧಾನಕ್ಕೆ ಇಳಿಯುತ್ತಿದ್ದು ಎಲ್ಲೂ ಕಲೆ ಇಲ್ಲವಾದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ನೋಡಬೇಕು. ಇದೇ ಪರೀಕ್ಷೆಯನ್ನು ಮಾರನೆಯ ದಿನ, ಒಂದಷ್ಟು ನಿಧಾನವಾಗಿ ಓಡಿಸಿದ ಮೇಲೆ ಮತ್ತೆ ಮಾಡಿ. ಯಾವುದಾದರೂ ಜಾಯಿಂಟ್ ಒಸರಿದರೆ ಒಮ್ಮೆ ಸಡಿಲಿಸಿ ಮತ್ತೆ ಅಳತೆಗೆ ಬಿಗಿಯಿರಿ, ಫ್ಲೇರ್ ಆಸನಕ್ಕೆ ಹೊಂದಿಕೊಳ್ಳಬಹುದು. ಆಗಲೂ ನಿಲ್ಲದಿದ್ದರೆ ಬಲ ಹಾಕಬೇಡಿ. ಆ ತುದಿ ಕತ್ತರಿಸಿ, ಉಳಿಸಿಟ್ಟ ಉದ್ದದಲ್ಲಿ ಹೊಸ ಫ್ಲೇರ್ ಮಾಡಿ.